ಚೀಲಕ್ಕೆ ಬಾರದ ಡಬ್ಬಿ

ಆ ಚರ್ಮದ ಡಾಕ್ಟರಮ್ಮನದು ಒಂದು ಕಟ್ಟಳೆ ಇತ್ತು. ಮೊದಲ ಸಲ ಬರುವವರು ತಾವು ಮುಖಕ್ಕೆ ಹಚ್ಚುವುದನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬರಬೇಕು. ಸೋಪು, ಪೌಡರು, ಎಣ್ಣೆ, ಕ್ರೀಮು, ಯಾರೋ ಗೆಳತಿ ಕೊಟ್ಟ ಅರ್ಧ ಖಾಲಿಯಾದ ಸೀಸೆ, ಒಂದನ್ನೂ ಮನೆಯಲ್ಲಿ ಬಿಡುವ ಹಾಗಿಲ್ಲ. ಜೊತೆಗೆ, ಬರುವ ದಿನ ಮುಖವನ್ನು ಬರೀ ನೀರಲ್ಲಿ ತೊಳೆದಿರಬೇಕು, ಮೇಲೆ ಏನೂ ಬಳಿದಿರಬಾರದು. ಚೀಲದ ಮಾತನ್ನು ಜನ ಒಂದಿಷ್ಟಾದರೂ ಕೇಳುತ್ತಿದ್ದರು. ಬರೀ ನೀರಿನ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗುವುದೆಂದರೆ ನಾಲ್ಕು ಜನರ ಮುಂದೆ ಹೋಗಿ ಕೂರುವುದು ತಾನೆ? ಹಾಗಾಗಿ ಮೊಡವೆ ತೋರಿಸಲು ಬರುವವರು ಮೊಡವೆ ಕಾಣದ ಹಾಗೆ ಎರಡು ಪದರ ಬಳಿದುಕೊಂಡು ಬರುತ್ತಿದ್ದರು. ಅಂಥವರಿಗೆಂದೇ ಕ್ಲಿನಿಕ್ಕಿನ ಮೂಲೆಯಲ್ಲಿ ಒಂದು ಬೇಸಿನ್ನೂ ಒಂದು ರಾಶಿ ಬಿಳಿ ಟವೆಲುಗಳೂ ಇದ್ದವು.

ಪುಟ್ಟಿ ಕ್ಲಿನಿಕ್ಕಿಗೆ ಫೋನು ಮಾಡಿ ದಿನ ಗೊತ್ತು ಮಾಡಿಕೊಂಡು, ಅವರ ಕಟ್ಟಳೆಯನ್ನು ಅತ್ತಿಗೆಗೆ ಹೇಳಿದಾಗ ಅತ್ತಿಗೆ ಮೂಗು ಮುರಿದಳು.

"ಮುಖ ನೋಡಿ ಹೇಳೋಕಾಗಲ್ವಂತಾ? ಚೀಲ ನೋಡಿ ಹೇಳ್ತಾಳಂತಾ?"

"ಹೋಗಿ ನೋಡೋಣ ಅತ್ತಿಗೆ," ಎಂದಳು ಪುಟ್ಟಿ. ಅಷ್ಟು ಹೇಳುವಾಗಲೂ ಅವಳ ಕೈ ಕೆನ್ನೆಯ ತನಕ ಹೋಗಿ, ಮುಟ್ಟದೆ ವಾಪಸ್ಸು ಬಂತು.

ಈ ಅತ್ತಿಗೆಯನ್ನು ಬೀದಿಯವರೆಲ್ಲ ಪಾರ್ಲರಕ್ಕ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಪಾರ್ಲರು. ಎರಡು ಕುರ್ಚಿ, ಗೋಡೆಯಗಲದ ಒಂದು ಕನ್ನಡಿ, ಹುಬ್ಬು ತೆಗೆಯುವಾಗ ಎಳೆದು ಮುಖದ ಮೇಲೆ ತಂದುಕೊಳ್ಳುವ ಭೂತಗನ್ನಡಿಯ ದೀಪ, ಹಿಂದುಗಡೆ ಒಂದು ಪರದೆ. ಹದಿನಾರು ವರ್ಷಗಳಿಂದ ಆ ಕುರ್ಚಿಗಳು ಖಾಲಿ ಕೂತ ದಿನ ಕಡಿಮೆ. ಪುಟ್ಟಿ ಅವಳ ಗಂಡನ ತಂಗಿ. ಹೆಸರಿಗೆ ಪುಟ್ಟಿಯಾದರೂ ವಯಸ್ಸು ಮೂವತ್ತೊಂದು. ಬಸ್ ನಿಲ್ದಾಣದಲ್ಲಿ ಮುಂಗಡ ಟಿಕೆಟ್ಟಿನ ಕೌಂಟರಿನಲ್ಲಿ ಕೆಲಸ. ಪಾರ್ಲರಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ಪುಟ್ಟಿಗೆ ಒಂಬತ್ತು. ತಾಯಿ ಹೋಗಿ ಒಂದು ವರ್ಷವಾಗಿತ್ತು, ತಲೆಗೂದಲು ಹಕ್ಕಿಗೂಡಾಗಿತ್ತು. ಹೊಸ ಸೊಸೆ ಬಂದ ಮಾರನೆಯ ದಿನವೇ ಬಾಚಣಿಗೆ ಹಿಡಿದು ಆ ಗೂಡನ್ನು ಬಿಡಿಸಲು ಕೂತಳು. ಬಿಡಿಸಿ ಮುಗಿಯುವಷ್ಟರಲ್ಲಿ ಹುಡುಗಿ ಅವಳ ಮಡಿಲಲ್ಲೇ ನಿದ್ದೆ ಹೋಗಿತ್ತು. ಆಮೇಲೆ ತನಗೆ ಮಕ್ಕಳಾಗಲಿಲ್ಲ ಎಂದು ಪಾರ್ಲರಕ್ಕ ಎಂದೂ ಕೊರಗಿದವಳಲ್ಲ. ಆ ಹುಡುಗಿಯನ್ನು ಅಂಗೈಯಲ್ಲಿಟ್ಟುಕೊಂಡು ಸಾಕಿದಳು.

ಪಾರ್ಲರಿನ ಹೆಸರು ಹಬ್ಬಿದ್ದು ಹುಬ್ಬಿನಿಂದಲ್ಲ, ಡಬ್ಬಿಯಿಂದ. ಪರದೆಯ ಹಿಂದೆ ಒಂದು ಸ್ಟೀಲಿನ ಬೋಗುಣಿಯಲ್ಲಿ ಪಾರ್ಲರಕ್ಕ ತನ್ನದೇ ಒಂದು ಕ್ರೀಮು ಕಲಸುತ್ತಿದ್ದಳು. ಕೋಲ್ಡ್ ಕ್ರೀಮು, ಕಲೆ ತೆಗೆಯುವುದೊಂದು, ಮತ್ತೆ ಹಸಿರು ಗೆರೆಯ ಟ್ಯೂಬೊಂದು. ಹಸಿರು ಗೆರೆಯದನ್ನು ತೋರಿಸಿಕೊಟ್ಟವನು ಮೆಡಿಕಲ್ ಶಾಪಿನವನು. "ಪಾರ್ಲರಿನವರೆಲ್ಲ ಇದನ್ನೇ ತಗೊಂಡೋಗ್ತಾರೆ ಅಕ್ಕ," ಎಂದಿದ್ದ. ಎಲ್ಲರೂ ಒಯ್ಯುವುದನ್ನು ಒಯ್ದರೆ ತಪ್ಪೇನು? ಎರಡು ಬೆರಳಲ್ಲಿ ನುಣ್ಣಗೆ ಕಲಸಿ ಸಣ್ಣ ಬಿಳಿ ಡಬ್ಬಿಗಳಿಗೆ ತುಂಬಿ ಕೊಟ್ಟರೆ ವಾರದೊಳಗೆ ಮುಖ ತೊಳೆದಿಟ್ಟ ಪಿಂಗಾಣಿಯ ಹಾಗಾಗುತ್ತಿತ್ತು. ಒಬ್ಬರ ಮುಖ ನೋಡಿ ಇನ್ನೊಬ್ಬರು ಬಂದರು. ಪುಟ್ಟಿಯ ಡಬ್ಬಿಯನ್ನು ಮಾತ್ರ ಅವಳು ಬೇರೆಯಾಗಿ ಕಲಸುತ್ತಿದ್ದಳು. ಮನೆಯ ಹುಡುಗಿಗೂ ಗಿರಾಕಿಗಳಿಗೆ ಕೊಡುವುದನ್ನೇ ಕೊಡುವುದಕ್ಕಾಗುತ್ತದೆಯೆ? ಪ್ರತಿ ಭಾನುವಾರ ಮಧ್ಯಾಹ್ನ ಪಾರ್ಲರಿನ ಬಾಗಿಲು ಹಾಕಿ, ಪುಟ್ಟಿಯನ್ನು ಕುರ್ಚಿಯಲ್ಲಿ ಒರಗಿಸಿ, ಮುಖಕ್ಕೆ ತಾನೇ ತಿಕ್ಕಿ ಹಚ್ಚುತ್ತಿದ್ದಳು. ಉಳಿದ ದಿನ ಪುಟ್ಟಿ ಕೆಲಸಕ್ಕೆ ಹೋಗುವ ಮುಂಚೆ ತಾನೇ ಹಚ್ಚಿಕೊಳ್ಳುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಮೊದಲ ಆರು ತಿಂಗಳು ಕೌಂಟರಿನ ಗಾಜಿನ ಹಿಂದೆ ಆ ಮುಖ ನೋಡಿ ಪ್ರಯಾಣಿಕರು ಊರಿನ ಹೆಸರನ್ನೇ ತಪ್ಪು ಹೇಳುತ್ತಿದ್ದರೆಂದು ಜೊತೆಯವರು ರೇಗಿಸುತ್ತಿದ್ದರು. ಆಮೇಲೆ ಕೆನ್ನೆ ಕೆಂಪಾಗತೊಡಗಿತು. ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ನಿಂತರೆ ಉರಿ. ಗಲ್ಲದ ಸುತ್ತ ಸಣ್ಣ ಗುಳ್ಳೆ, ಮೂಗಿನ ಪಕ್ಕ ಕೆಂಪು ದಾರ ಎಳೆದ ಹಾಗೆ ಗೆರೆಗಳು. ಎರಡು ದಿನ ಡಬ್ಬಿ ಮುಟ್ಟದಿದ್ದರೆ ಮುಖ ಭಗಭಗ ಎನ್ನುತ್ತಿತ್ತು. ಮತ್ತೆ ಹಚ್ಚಿದರೆ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತಿತ್ತು.

"ನೋಡಿದ್ಯಾ, ಬಿಟ್ಟಿದ್ದಕ್ಕೇ ಹೀಗಾಗಿದ್ದು," ಎನ್ನುತ್ತಿದ್ದಳು ಪಾರ್ಲರಕ್ಕ. ಹಚ್ಚಿದರೆ ತಂಪು, ಬಿಟ್ಟರೆ ಬೆಂಕಿ. ಇಂಥದ್ದನ್ನು ಒಳ್ಳೆಯ ಕ್ರೀಮು ಅನ್ನದೆ ಇನ್ನೇನನ್ನಬೇಕು? ಅವಳ ಲೆಕ್ಕಾಚಾರದಲ್ಲಿ ಮೋಸವಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದಳು, ಅಷ್ಟೆ. ನಾವೆಲ್ಲ ಮಾಡುವುದೂ ಅದನ್ನೇ.

ಡಾಕ್ಟರಲ್ಲಿಗೆ ಹೋಗುವ ದಿನ ಚೀಲ ಕಟ್ಟಿದವಳೂ ಅವಳೇ. ಮುಖ ತೊಳೆಯುವ ಸೋಪು, ಕೌಂಟರಿನ ಗೆಳತಿ ಹೇಳಿದಳೆಂದು ತಂದಿದ್ದ ಸ್ಕ್ರಬ್ಬು, ಎರಡು ಬಗೆಯ ಪೌಡರು, ಅಂತರ್ಜಾಲದಲ್ಲಿ ನೋಡಿ ತರಿಸಿದ್ದ ಒಂದು ಸೀರಮ್ಮು, ತುಟಿಯದು, ಕಣ್ಣಿನದು. ಕೊನೆಗೆ ಬಿಳಿ ಡಬ್ಬಿ ಕೈಗೆ ಬಂತು. ಅದನ್ನು ಒಂದು ಗಳಿಗೆ ಹಿಡಿದುಕೊಂಡು ನಿಂತಳು. ಇದು ಮನೆಯದು, ಕೈಯಾರೆ ಮಾಡಿದ್ದು. ಇದನ್ನು ಒಯ್ದು ಯಾರೋ ಡಾಕ್ಟರ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿಸಿಕೊಳ್ಳಬೇಕೆ? ಡಬ್ಬಿಯನ್ನು ಬೀರುವಿನಲ್ಲಿ ಟವೆಲುಗಳ ಹಿಂದೆ ಇಟ್ಟು ಬಾಗಿಲು ಹಾಕಿದಳು. ಪುಟ್ಟಿ ಪಕ್ಕದ ಕೋಣೆಯಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

ಡಾಕ್ಟರಮ್ಮನಿಗೆ ಅರವತ್ತರ ಹತ್ತಿರ. ಅವರ ಮುಖದ ಮೇಲೆಯೇ ವಯಸ್ಸಿನ ಕಂದು ಚುಕ್ಕೆಗಳಿದ್ದವು, ಅವನ್ನು ಮುಚ್ಚುವ ಉಸಾಬರಿಗೆ ಅವರು ಹೋದಂತಿರಲಿಲ್ಲ. ಚೀಲದಿಂದ ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು.

"ಈ ಸ್ಕ್ರಬ್ಬು ಚೆನ್ನಾಗಿದೆ," ಎಂದರು. "ಪಾತ್ರೆ ತಿಕ್ಕೋಕೆ ಇಟ್ಕೊಳ್ಳಿ. ಈ ಸೀರಮ್ಮು ಯಾಕೆ ತಂದ್ರಿ?"

"ಒಬ್ಬ ಹುಡುಗಿ ವಿಡಿಯೋದಲ್ಲಿ ಹೇಳಿದ್ಲು," ಎಂದಳು ಪುಟ್ಟಿ.

"ಆ ಹುಡುಗಿ ನಿಮ್ಮ ಮುಖ ನೋಡಿದ್ಲಾ?"

ಪುಟ್ಟಿಗೆ ನಗು ಬಂತು. ನಕ್ಕರೆ ಕೆನ್ನೆ ಉರಿಯುತ್ತದೆಂದು ಅರ್ಧಕ್ಕೇ ನಿಲ್ಲಿಸಿದಳು. ಡಾಕ್ಟರು ಖಾಲಿ ಚೀಲವನ್ನು ಮಡಚುತ್ತ ಕೇಳಿದರು, "ಇಷ್ಟೇನಾ?"

ಪುಟ್ಟಿ ಒಂದು ಕ್ಷಣ ಅತ್ತಿಗೆಯ ಕಡೆ ನೋಡಿದಳು. ಮುಖದ ಕಡೆಯಲ್ಲ, ಮಡಿಲಲ್ಲಿದ್ದ ಕೈಗಳ ಕಡೆ. "ಇಷ್ಟೇ," ಎಂದಳು.

ಪಾರ್ಲರಕ್ಕ ತಲೆಯೆತ್ತಿ ಪುಟ್ಟಿಯನ್ನು ನೋಡಿದಳು. ಡಬ್ಬಿ ಬಂದಿಲ್ಲವೆಂದು ಪುಟ್ಟಿಗೆ ಗೊತ್ತಾಗದೆ ಇರುವುದುಂಟೆ? ಗೊತ್ತಿದ್ದೂ ಇಷ್ಟೇ ಎಂದಳು. ತನ್ನ ಮಾನ ಉಳಿಸಿದಳೆಂದು ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಏನೋ ಸರಿಯಿಲ್ಲ ಎಂಬ ಕಸಿವಿಸಿ.

ಡಾಕ್ಟರು ಕನ್ನಡಕ ಏರಿಸಿ, ಸಣ್ಣ ದೀಪ ಹಿಡಿದು, ಪುಟ್ಟಿಯ ಮುಖವನ್ನು ಅಂಗುಲ ಅಂಗುಲ ನೋಡಿದರು. ಕೆನ್ನೆಯ ಮೇಲೆ ಎದ್ದಿದ್ದ ನವಿರು ಕೂದಲನ್ನೂ ನೋಡಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ಪಾರ್ಲರಕ್ಕನ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಾ?" ಎಂದು ಕೇಳಿದರು.

"ಪಾರ್ಲರಿದೆ ಮೇಡಂ."

ಡಾಕ್ಟರ ಕಣ್ಣು ಅವಳ ಬಲಗೈ ಮೇಲೆ ಒಂದು ಗಳಿಗೆ ನಿಂತಿತು. ಉಂಗುರ ನೋಡುತ್ತಿದ್ದಾರೆಂದುಕೊಂಡು ಪಾರ್ಲರಕ್ಕ ಬೆರಳು ಮಡಚಿಕೊಂಡಳು. ಡಾಕ್ಟರು ಮತ್ತೆ ಪುಟ್ಟಿಯ ಕಡೆ ತಿರುಗಿದರು.

"ಮುಖ ಒಂದು ಹೇಳ್ತಿದೆ, ಚೀಲ ಒಂದು ಹೇಳ್ತಿದೆ," ಎಂದರು ಪುಟ್ಟಿಗೆ. "ನಾನು ಮುಖಾನೇ ನಂಬೋದು. ಇದಕ್ಕೆ ಯಾವುದೋ ಸ್ಟೀರಾಯ್ಡ್ ಕ್ರೀಮು ಹೋಗಿದೆ, ತುಂಬಾ ದಿನ ಹೋಗಿದೆ. ಅದೇನು ವಿಷ ಅಲ್ಲಮ್ಮ. ಅಂಗಾಲು ಬಿರಿದು ಕಜ್ಜಿಯಾದವರಿಗೆ ನಾನೇ ಬರ್ಕೊಡ್ತೀನಿ, ಸ್ವಲ್ಪ ದಿನಕ್ಕೆ. ಆದ್ರೆ ಮುಖದ ಚರ್ಮ ತೆಳು. ದಿನಾ ಹಚ್ಚಿದ್ರೆ ಇನ್ನೂ ತೆಳುವಾಗುತ್ತೆ. ಆಮೇಲೆ ಮುಖ ಅದನ್ನೇ ಬೇಡುತ್ತೆ. ಕೊಟ್ರೆ ಸುಮ್ಮನಿರುತ್ತೆ, ಕೊಡದಿದ್ರೆ ರಂಪ ಮಾಡುತ್ತೆ."

"ಈ ಕೆಂಪು ಗೆರೆಗೆ ಲೇಸರ್ ಮಾಡಿಸಿದ್ರೆ ಹೋಗುತ್ತಂತೆ?" ಎಂದು ಕೇಳಿದಳು ಪುಟ್ಟಿ.

"ಈಗ ಲೇಸರೂ ಬೇಡ, ಫೇಶಿಯಲ್ಲೂ ಬೇಡ, ಬ್ಲೀಚೂ ಬೇಡ. ಏನು ಮಾಡ್ಬೇಕು ಅಂತ ಎಲ್ಲರೂ ಕೇಳ್ತಾರೆ, ಏನು ಬಿಡ್ಬೇಕು ಅಂತ ಕೇಳೋರು ಕಡಿಮೆ. ನೊರೆ ಬರದ ಈ ಫೇಸ್‌ವಾಶು, ಸುವಾಸನೆ ಇಲ್ಲದ ಈ ಮಾಯಿಶ್ಚರೈಸರು, ಬೆಳಗ್ಗೆ ಎರಡು ಬೆರಳುದ್ದ ಸನ್‌ಸ್ಕ್ರೀನು. ಮುಗೀತು." ಅವರು ಪೆನ್ನು ಕೆಳಗಿಟ್ಟರು. "ಕಷ್ಟ ಏನು ಗೊತ್ತಾ? ಆ ಕ್ರೀಮು ಎಷ್ಟು ಜೋರಿನದು, ಎಷ್ಟು ಬೆರೆಸಿದ್ದಾರೆ ಅಂತ ಗೊತ್ತಾದ್ರೆ ನಿಮ್ಮನ್ನ ಒಂದೊಂದೇ ಮೆಟ್ಟಿಲು ಇಳಿಸಬಹುದು. ಗೊತ್ತಿಲ್ಲದಿದ್ರೆ ಮೇಲಿಂದ ಧುಮುಕಿದ ಹಾಗೇ. ಮುಖ ತುಂಬಾ ಕೆರಳುತ್ತೆ. ಚೀಲಕ್ಕೆ ಬಾರದ್ದು ಏನಾದ್ರೂ ನೆನಪಾದ್ರೆ ತಗೊಂಡು ಬನ್ನಿ. ಬೈಯೋಕಲ್ಲ."

ಬಸ್ಸಿನಲ್ಲಿ ಬರುವಾಗ ಪಾರ್ಲರಕ್ಕ, "ಸುಮ್ನೆ ಹೆದರಿಸ್ತಾರೆ," ಎಂದಳು. ಪುಟ್ಟಿ ಕಿಟಕಿಯ ಕಡೆ ಮುಖ ಮಾಡಿ, ಬಿಸಿಗಾಳಿ ಬಡಿಯಿತೆಂದು ಮತ್ತೆ ಈ ಕಡೆ ತಿರುಗಿ ಕೂತಳು.

ನಾಲ್ಕನೆಯ ದಿನ ಮುಖ ಕೆರಳಿತು. ಆರನೆಯ ದಿನಕ್ಕೆ ಕಣ್ಣು ಅರ್ಧ ಮುಚ್ಚುವಷ್ಟು ಊದಿತು, ಕೆನ್ನೆಯಿಂದ ನೀರು ಒಸರತೊಡಗಿತು. ಪುಟ್ಟಿ ರಜೆ ಹಾಕಿದಳು. ಕೌಂಟರಿನ ಗಾಜಿನ ಹಿಂದೆ ಕೂರುವ ಮುಖವದು, ನೂರು ಜನ ಬಗ್ಗಿ ನೋಡುವ ಮುಖ. ದಿನವಿಡೀ ಕೋಣೆಯಲ್ಲಿ ಫ್ಯಾನಿನ ಮುಂದೆ ಒದ್ದೆ ಬಟ್ಟೆ ಮುಚ್ಚಿಕೊಂಡು ಕೂತಿರುತ್ತಿದ್ದಳು. ಅಣ್ಣ ಮೋಟಾರು ರಿಪೇರಿ ಅಂಗಡಿಯಿಂದ ಬಂದವನು ತಂಗಿಯ ಮುಖ ನೋಡಿ, ಹೆಂಡತಿಯ ಕಡೆ ತಿರುಗಿ, "ನಿನ್ನ ಡಬ್ಬೀಲಿ ಏನಿರುತ್ತೆ?" ಎಂದ. "ನಿಮ್ಮ ಮೋಟಾರಲ್ಲಿ ಏನಿರುತ್ತೆ ಅಂತ ನಾನು ಕೇಳ್ತೀನಾ?" ಎಂದು ಅವಳು ಬಾಯಿ ಮುಚ್ಚಿಸಿದಳು. ಮುಚ್ಚಿಸಿದ್ದೇನೋ ಹೌದು, ಆಮೇಲೆ ಊಟ ಸೇರಲಿಲ್ಲ.

ಅವತ್ತು ಟವೆಲುಗಳ ಹಿಂದಿನಿಂದ ಡಬ್ಬಿ ತೆಗೆದು ಪುಟ್ಟಿಯ ಹತ್ತಿರ ಹೋದಳು. "ಒಂದು ಚೂರು ಹಚ್ಚಿಬಿಡ್ತೀನಿ ಪುಟ್ಟಿ. ಅರ್ಧ ಗಂಟೇಲಿ ಹಾಯಾಗುತ್ತೆ."

"ಬೇಡ ಅತ್ತಿಗೆ."

ಇಪ್ಪತ್ತೆರಡು ವರ್ಷದಲ್ಲಿ ಪುಟ್ಟಿ ಅವಳ ಕೈಯಿಂದ ಏನನ್ನೂ ಬೇಡವೆಂದಿರಲಿಲ್ಲ. ಪಾರ್ಲರಕ್ಕ ಡಬ್ಬಿ ಹಿಡಿದುಕೊಂಡೇ ಹೊರಗೆ ಬಂದಳು. ಅವಳಿಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಗಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪುಟ್ಟಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಕ್ಲಿನಿಕ್ಕಿನವರು ತುರಿಕೆಗೆ ಮಾತ್ರೆಯ ಹೆಸರು ಹೇಳುತ್ತಿದ್ದರೆಂದು ಕಾಣುತ್ತದೆ, ಪುಟ್ಟಿ ಬರೆದುಕೊಳ್ಳುತ್ತಿದ್ದಳು. ಆಮೇಲೆ ಅವರು ಏನೋ ಕೇಳಿರಬೇಕು.

"ಇಲ್ಲ ಮೇಡಂ," ಎಂದಳು ಪುಟ್ಟಿ. "ಇನ್ನೂ ಸಿಕ್ಕಿಲ್ಲ."

ಹತ್ತನೆಯ ದಿನ ಬ್ಯಾಂಕಿನ ಮೇಡಂ ಬಂದರು. ಆರು ವರ್ಷದ ಗಿರಾಕಿ, ತಿಂಗಳಿಗೊಂದು ಡಬ್ಬಿ ತಪ್ಪಿದ್ದಿಲ್ಲ. ಹುಬ್ಬು ತೆಗೆಸಿಕೊಂಡು, "ಡಬ್ಬಿ ಕೊಟ್ಬಿಡಿ ಅಕ್ಕ," ಎಂದು ಕುರ್ಚಿಯಲ್ಲೇ ಒರಗಿದರು. ಪಾರ್ಲರಕ್ಕ ದೀಪದ ಪಕ್ಕದಲ್ಲೇ ಹೊಸ ಟ್ಯೂಬಿನ ಪೆಟ್ಟಿಗೆ ಬಿಚ್ಚಿದಳು. ಎಂದಿನಂತೆ ಒಳಗಿನಿಂದ ಮಡಚಿದ ತೆಳು ಕಾಗದ ಬಿತ್ತು. ಎಂದಿನಂತೆ ಅದನ್ನು ಕಸದ ಬುಟ್ಟಿಗೆ ಹಾಕಬೇಕಿತ್ತು. ಹದಿನಾರು ವರ್ಷದಲ್ಲಿ ಅಂಥ ಕಾಗದ ಎಷ್ಟು ಎಸೆದಿದ್ದಳೋ. ಇವತ್ತು ಕೈ ಬುಟ್ಟಿಯ ತನಕ ಹೋಗಲಿಲ್ಲ. ಬಿಡಿಸಿ ನೋಡಿದರೆ ಸಾಸಿವೆಗಿಂತ ಸಣ್ಣ ಅಕ್ಷರ. ಹುಬ್ಬಿನ ಭೂತಗನ್ನಡಿಯನ್ನು ಎಳೆದು, ದೀಪ ಹಾಕಿ, ಕೆಳಗೆ ಹಿಡಿದಳು.

ಮುಖಕ್ಕೆ ಹಚ್ಚಬಾರದು. ಎರಡು ವಾರಕ್ಕಿಂತ ಹೆಚ್ಚು ಬಳಸಬಾರದು. ಹೆಚ್ಚು ಕಾಲ ಬಳಸಿದರೆ ಚರ್ಮ ತೆಳುವಾಗಿ ಹೊಳೆಯಬಹುದು, ಬಿರಿಯಬಹುದು, ಕೆಂಪು ಗೆರೆಗಳು ಮೂಡಬಹುದು.

ಆ ಸಾಲನ್ನು ಹಿಡಿದುಕೊಂಡಿದ್ದ ಎರಡು ಬೆರಳುಗಳೂ ಭೂತಗನ್ನಡಿಯ ಕೆಳಗೇ ಇದ್ದವು. ಬಲಗೈಯ ತೋರುಬೆರಳು, ನಡುಬೆರಳು. ಬೋಗುಣಿಯಲ್ಲಿ ಕಲಸುವ ಬೆರಳುಗಳು. ಚರ್ಮ ಈರುಳ್ಳಿಯ ಒಳಪೊರೆಯ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು, ಗೆಣ್ಣಿನ ಹತ್ತಿರ ಬಿರಿದಿತ್ತು, ಒಳಗೆ ಕೆಂಪು ಗೆರೆಗಳು. ಎಷ್ಟೋ ವರ್ಷದಿಂದ ಹಾಗಿದ್ದವು. ಬ್ಲೀಚಿನ ಕೈ, ಇನ್ನೇನಾಗುತ್ತದೆ ಎಂದುಕೊಂಡಿದ್ದಳು. ಡಾಕ್ಟರು ಉಂಗುರ ನೋಡಿರಲಿಲ್ಲ.

"ಆಯ್ತಾ ಅಕ್ಕ?" ಎಂದರು ಬ್ಯಾಂಕಿನ ಮೇಡಂ ಕಣ್ಣು ಮುಚ್ಚಿಕೊಂಡೇ.

ನಿಜ ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಹೇಳಲಿಲ್ಲ. "ಮುಗಿದೋಗಿದೆ ಮೇಡಂ, ಇನ್ನೊಂದು ಸಲ ಕೊಡ್ತೀನಿ," ಎಂದಳು. ಹದಿನಾರು ವರ್ಷದ ಹೆಸರು ಅಡ್ಡ ನಿಂತಿತ್ತು. ಅವಳನ್ನು ಹೇಡಿ ಎನ್ನುವುದು ಸುಲಭ. ಬಾಗಿಲಾಚೆ ಸಾಲಾಗಿ ನಿಂತಂತೆ ಕಂಡ ಗಿರಾಕಿಗಳ ಮುಖಗಳನ್ನೆಲ್ಲ ಒಂದೇ ಏಟಿಗೆ ಎದುರಿಸಲು ಅವಳಿಗೆ ಮೂರು ದಿನ ಬೇಕಾಯಿತು. ಆ ಮೂರು ದಿನವೂ ಪಕ್ಕದ ಕೋಣೆಯಲ್ಲಿ ಪುಟ್ಟಿ ಉರಿಯುತ್ತಲೇ ಇದ್ದಳು.

ಹದಿಮೂರನೆಯ ದಿನ ಮಧ್ಯಾಹ್ನ, ಹೊಸ ಒದ್ದೆ ಬಟ್ಟೆ ಹಿಡಿದು ಪುಟ್ಟಿಯ ಕೋಣೆಗೆ ಹೋದಳು. ಪುಟ್ಟಿ ಅಂಗಾತ ನಿದ್ದೆ ಹೋಗಿದ್ದಳು. ಎರಡು ಕೈಗಳೂ ಹೊಟ್ಟೆಯ ಮೇಲಿದ್ದವು. ಮಣಿಕಟ್ಟುಗಳನ್ನು ಒಂದು ಸ್ಕಾರ್ಫಿನಿಂದ ಕಟ್ಟಿಕೊಂಡಿದ್ದಳು, ತುದಿಯನ್ನು ಹಲ್ಲಲ್ಲಿ ಎಳೆದು ಬಿಗಿದಂತಿದ್ದ ಸಡಿಲ ಗಂಟು. ನಿದ್ದೆಯಲ್ಲಿ ಮುಖ ಕೆರೆದುಕೊಂಡುಬಿಟ್ಟೇನು ಎಂದು.

ಪುಟ್ಟಿ ಹತ್ತು ವರ್ಷದವಳಿದ್ದಾಗ ಮೈತುಂಬ ನೀರುಗುಳ್ಳೆ ಎದ್ದಿತ್ತು. ಆಗ ಏಳು ದಿನ, ಹುಡುಗಿ ಮಲಗಿದಾಗಲೆಲ್ಲ ಪಕ್ಕದಲ್ಲಿ ಕೂತು ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು ಪಾರ್ಲರಕ್ಕ. ಒಂದು ಕಲೆಯೂ ಉಳಿಯಲಿಲ್ಲ ಎಂದು ಕಂಡವರ ಮುಂದೆಲ್ಲ ಹೇಳಿಕೊಂಡಿದ್ದಳು. ಇವತ್ತು ಹುಡುಗಿ ಅವಳನ್ನು ಕರೆದಿರಲಿಲ್ಲ. ಸ್ಕಾರ್ಫಿನಲ್ಲಿ ಕಟ್ಟಿಕೊಂಡಿದ್ದಳು.

ಪಾರ್ಲರಕ್ಕ ಅಲ್ಲೇ ಬಾಗಿಲಿಗೆ ಒರಗಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಪರದೆಯ ಹಿಂದೆ ಹೋದಳು. ಬಿಳಿ ಡಬ್ಬಿ, ಹಸಿರು ಗೆರೆಯ ಟ್ಯೂಬುಗಳು, ಕಲೆ ತೆಗೆಯುವುದು, ಕೋಲ್ಡ್ ಕ್ರೀಮಿನ ದೊಡ್ಡ ಡಬ್ಬ, ಬೋಗುಣಿ, ಕೊನೆಗೆ ಆ ಮಡಚಿದ ಕಾಗದ, ಎಲ್ಲವನ್ನೂ ಚೀಲಕ್ಕೆ ಹಾಕಿದಳು. ಪುಟ್ಟಿಯ ಗಂಟು ಬಿಚ್ಚಿ ಎಬ್ಬಿಸಿದಳು.

"ಏಳು, ಡಾಕ್ಟ್ರ ಹತ್ರ ಹೋಗೋಣ."

ಪುಟ್ಟಿ ಊದಿದ ಕಣ್ಣಲ್ಲೇ ಚೀಲದ ಕಡೆ ನೋಡಿದಳು. ಎಷ್ಟು ದಪ್ಪವಿದೆಯೆಂದು ನೋಡಿದಳು. ಎದ್ದು ಚಪ್ಪಲಿ ಹಾಕಿಕೊಂಡಳು.

ಕ್ಲಿನಿಕ್ಕಿನಲ್ಲಿ ಈ ಸಲ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟವಳು ಪಾರ್ಲರಕ್ಕ. ಕೊನೆಗೆ ಬೋಗುಣಿಯನ್ನಿಟ್ಟಳು.

"ಇದು ನನ್ನದೇ ಮೇಡಂ. ನಾನೇ ಕಲಸೋದು. ಅವತ್ತು ಚೀಲದಿಂದ ತೆಗೆದಿಟ್ಟೋಳೂ ನಾನೇ. ಇವಳದೇನೂ ತಪ್ಪಿಲ್ಲ."

ಡಾಕ್ಟರು ಟ್ಯೂಬನ್ನು ಬೆಳಕಿಗೆ ಹಿಡಿದು ಓದಿದರು. ಮುಖದ ಮೇಲೆ ಸಿಟ್ಟೇನೂ ಕಾಣಲಿಲ್ಲ. ಕಾಗದ ಪೆನ್ನು ತೆಗೆದುಕೊಂಡರು.

"ಇದು ತುಂಬಾ ಜೋರಿನದು. ಸರಿ, ಹೇಳಿ. ಈ ಬೋಗುಣಿ ಕೋಲ್ಡ್ ಕ್ರೀಮಿಗೆ ಎಷ್ಟು ಟ್ಯೂಬು?"

"ಒಂದು ಬೋಗುಣಿಗೆ ಒಂದು ಟ್ಯೂಬು. ಗಿರಾಕಿಗಳಿಗೆ." ಪಾರ್ಲರಕ್ಕ ನಿಲ್ಲಿಸಿದಳು.

ಡಾಕ್ಟರು ಪೆನ್ನು ಎತ್ತಿ ಕಾದರು. "ಇವಳಿಗೆ?"

ಪುಟ್ಟಿ ಅತ್ತಿಗೆಯನ್ನೇ ನೋಡುತ್ತಿದ್ದಳು.

"ಇವಳಿಗೆ ಎರಡು," ಎಂದಳು ಪಾರ್ಲರಕ್ಕ.

"ಯಾಕೆ?"

"ನಮ್ಮ ಹುಡುಗಿ ಅಂತ ಮೇಡಂ. ಬೇರೆಯವರಿಗಿಂತ ಚೆನ್ನಾಗಿ ಕಾಣ್ಲಿ ಅಂತ."

ಅಷ್ಟು ಹೇಳಿ ಅವಳು ತಲೆ ತಗ್ಗಿಸಿಬಿಟ್ಟಳು. ಗಿರಾಕಿಗಳ ಮುಖ ಇನ್ನೂ ಹೇಗೋ ತಡೆದುಕೊಂಡಿದ್ದುದು ಏಕೆ, ಮನೆಯ ಹುಡುಗಿಯ ಮುಖವೇ ಏಕೆ ಹೀಗೆ ಬೆಂದಿತು ಎಂಬುದು ಆ ಕೋಣೆಯಲ್ಲಿದ್ದ ಮೂವರಿಗೂ ಒಟ್ಟಿಗೇ ತಿಳಿಯಿತು. ಡಾಕ್ಟರು ಎರಡು ಎಂದು ಬರೆದುಕೊಂಡು, ಪಕ್ಕದಲ್ಲಿ ಎಷ್ಟು ದಿನದಿಂದ ಎಂದು ಕೇಳಿ ಅದನ್ನೂ ಬರೆದುಕೊಂಡರು.

"ಈಗ ದಾರಿ ಗೊತ್ತಾಯ್ತು," ಎಂದರು. "ಇದಕ್ಕಿಂತ ಮೆದುವಾದದ್ದು ಒಂದು ಕೊಡ್ತೀನಿ, ಮೊದಲು ದಿನಾ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಸೋದು. ಜೊತೆಗೊಂದು ಬೇರೆ ಮುಲಾಮು. ಇಳಿಯೋಕೆ ತಿಂಗಳುಗಳೇ ಬೇಕು. ಗೆರೆಗಳು ಒಂದಿಷ್ಟು ಉಳೀಬಹುದು, ಅದನ್ನ ಆಮೇಲೆ ನೋಡೋಣ. ಇನ್ನೊಂದು ಮಾತು. ನಿಮ್ಮ ಗಿರಾಕಿಗಳು ಎಷ್ಟು ಜನ?"

"ನಲವತ್ತರ ಮೇಲಿದ್ದಾರೆ."

"ಅವರೆಲ್ಲ ಒಮ್ಮೆಲೇ ಬಿಡೋದು ಬೇಡ. ಡಬ್ಬಿ ತಗೊಂಡು ಇಲ್ಲಿಗೆ ಬರೋಕೆ ಹೇಳಿ."

ಪಾರ್ಲರಕ್ಕ ತಲೆಯೆತ್ತಿದಳು. "ಮೇಡಂ, ಅವತ್ತು ನನ್ನ ಬೆರಳು ನೋಡಿದ್ರಿ. ನಿಮಗೆ ಅವತ್ತೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ?"

"ಬೆರಳು ಹಚ್ಚಿದ್ದು ಹೇಳುತ್ತೆ, ಎಷ್ಟು ಅಂತ ಹೇಳಲ್ಲ. ಅದು ನಿಮಗೆ ಮಾತ್ರ ಗೊತ್ತಿತ್ತು. ಗದರಿದ್ರೆ ಇಬ್ಬರೂ ಎದ್ದು ಹೋಗಿ, ಮತ್ತೆ ಈ ಕಡೆ ತಲೆ ಹಾಕಲ್ಲ ಅನ್ನಿಸ್ತು." ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಎರಡು ಮೂರು ದಿನದಲ್ಲಿ ಬರ್ತೀರಿ ಅಂದ್ಕೊಂಡಿದ್ದೆ. ಇವಳ ಮುಖ ನೋಡಿದ್ರೆ, ಅವತ್ತೇ ಕೇಳ್ಬೇಕಿತ್ತೇನೋ ಅನ್ನಿಸ್ತಿದೆ. ಇರ್ಲಿ. ಈಗ ಆ ಕೈ ಇಲ್ಲಿ ಕೊಡಿ, ಅದಕ್ಕೂ ಔಷಧಿ ಬೇಕು."

ಆಮೇಲಿನ ದಿನಗಳಲ್ಲಿ ಪಾರ್ಲರಕ್ಕ ಒಬ್ಬೊಬ್ಬರಿಗೇ ಫೋನು ಮಾಡಿದಳು. ಕೆಲವರು ಅತ್ತರು, ಕೆಲವರು ಬೈದರು. ಒಬ್ಬಾಕೆ, ಏನಾದರಾಗಲಿ, ತಂಗಿಯ ಮದುವೆ ಕಳೆಯುವ ತನಕ ಇನ್ನೊಂದು ಡಬ್ಬಿ ಕೊಟ್ಟುಬಿಡಿ ಎಂದು ಗೋಗರೆದಳು. ಬ್ಯಾಂಕಿನ ಮೇಡಂ ಬಾಗಿಲಲ್ಲೇ ನಿಂತು, "ಅವತ್ತು ಮುಗಿದೋಗಿದೆ ಅಂದ್ರಲ್ಲ," ಎಂದರು. ಎರಡು ಕುರ್ಚಿಗಳಲ್ಲಿ ಒಂದು ದಿನವಿಡೀ ಖಾಲಿ ಇರತೊಡಗಿತು. ಉಳಿದದ್ದು ಹುಬ್ಬು, ಕೂದಲು, ಉಗುರು. ಪರದೆಯನ್ನು ಬಿಚ್ಚಿ ಒಗೆದು, ಬೇರೆ ಏನೂ ತೋಚದೆ, ಕಿಟಕಿಗೆ ಕಟ್ಟಿದಳು. ಅವತ್ತು ಸಂಜೆ ಗಂಡ ಭೂತಗನ್ನಡಿಯ ದೀಪದ ಸಡಿಲ ತಿರುಪನ್ನು ಬಿಗಿ ಮಾಡಿಕೊಟ್ಟ.

ಪುಟ್ಟಿಯ ಮುಖ ಒಮ್ಮೆ ಇಳಿದು, ಒಮ್ಮೆ ಕೆರಳಿ, ಕೊನೆಗೆ ಆರನೆಯ ವಾರದಲ್ಲಿ ಸುಮ್ಮನಾಯಿತು. ಮೊದಲಿನ ಪಿಂಗಾಣಿಯಲ್ಲ. ಮೂಗಿನ ಪಕ್ಕದ ಗೆರೆಗಳು ಹಾಗೇ ಇದ್ದವು. ಸೋಮವಾರದಿಂದ ಕೌಂಟರಿಗೆ ಹೋಗುವುದೆಂದು ತೀರ್ಮಾನವಾಯಿತು. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅವಳು ಪಾರ್ಲರಿಗೆ ಬಂದು ಬಾಗಿಲು ಹಾಕಿ, ಕುರ್ಚಿಯಲ್ಲಿ ಕೂತು ಒರಗಿದಳು. ಇಷ್ಟು ದಿನ ಔಷಧಿಯನ್ನೆಲ್ಲ ತಾನೇ ಹಚ್ಚಿಕೊಂಡಿದ್ದಳು. ಪಾರ್ಲರಕ್ಕನೂ ಆ ಮುಖವನ್ನು ಮುಟ್ಟುವ ಧೈರ್ಯ ಮಾಡಿರಲಿಲ್ಲ.

"ಯಾಕೆ ಅವತ್ತು ಇಷ್ಟೇ ಅಂದೆ?" ಎಂದು ಕೇಳಿದಳು ಪಾರ್ಲರಕ್ಕ. ಆರು ವಾರದಿಂದ ಕೇಳಬೇಕೆಂದಿದ್ದ ಮಾತು.

"ನೀನು ಡಬ್ಬೀನ ಟವೆಲ್ ಹಿಂದೆ ಇಡೋದು ನೋಡಿದ್ದೆ."

"ನೋಡಿದ್ದೋಳು ಹೇಳ್ಬಾರ್ದಿತ್ತಾ?"

"ನೀನೇ ತರ್ತೀಯ ಅಂತ ಗೊತ್ತಿತ್ತು ಅತ್ತಿಗೆ." ಪುಟ್ಟಿ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಇಷ್ಟು ದಿನ ತಗೋತೀಯ ಅಂತ ಗೊತ್ತಿರಲಿಲ್ಲ."

ಪಾರ್ಲರಕ್ಕನಿಗೆ ತಪ್ಪಾಯಿತು ಎನ್ನಬೇಕೆನ್ನಿಸಿತು. ಆ ಹದಿಮೂರು ದಿನಗಳ ಮುಂದೆ ಆ ಮಾತು ತೀರಾ ಸಣ್ಣದಾಗಿ ಕಂಡಿತು. ಪುಟ್ಟಿ ತನ್ನ ಕೈಚೀಲದಿಂದ ಡಾಕ್ಟರು ಬರೆದುಕೊಟ್ಟ ಮಾಯಿಶ್ಚರೈಸರು ತೆಗೆದು, ಅತ್ತಿಗೆಯ ಕೈಗಿಟ್ಟಳು.

"ಹಚ್ಚು."

"ನಾನಾ?"

"ಇನ್ಯಾರು? ಭಾನುವಾರ ಅಲ್ವಾ."

ಪಾರ್ಲರಕ್ಕ ಕೈ ತೊಳೆದು ಬಂದಳು. ಬೆರಳುಗಳ ಬಿರುಕು ಕೂಡಿಕೊಂಡಿತ್ತು, ಚರ್ಮ ಇನ್ನೂ ತೆಳ್ಳಗೇ ಇತ್ತು. ಟ್ಯೂಬಿನ ಮುಚ್ಚಳ ತೆಗೆದು ಬೆರಳ ತುದಿಯ ಹತ್ತಿರ ಹಿಡಿದು ನಿಂತಳು. ಹದಿನಾರು ವರ್ಷ ಕಣ್ಣಂದಾಜಿನಲ್ಲೇ ಕಲಸಿದವಳಿಗೆ ಈಗ ಒಂದು ಚೂರು ಕ್ರೀಮಿನ ಅಳತೆ ತಿಳಿಯದೆ ಹೋಯಿತು.

"ಎಷ್ಟು ಹಾಕ್ಲಿ ಪುಟ್ಟಿ?"

"ಎಲ್ಲರಿಗೂ ಎಷ್ಟೋ ಅಷ್ಟೇ ಹಾಕು ಅತ್ತಿಗೆ," ಎಂದಳು ಪುಟ್ಟಿ.

ಪಾರ್ಲರಕ್ಕ ಅಷ್ಟೇ ಹಾಕಿಕೊಂಡಳು.